ಕಂಪ್ಲಿಯ ಹೆಪ್ಪು

ಚಿಗವ್ವನ ಹೆಪ್ಪನ್ನು ಕೊಂದವಳು ನಾನು. ಅದು ಗುರುವಾರವೋ ಶುಕ್ರವಾರವೋ, ನಾನು ಆಗಲೇ ಅತ್ತೆನೋ ಆಮೇಲೋ — ನನ್ನ ನೆನಪು ತನಗೆ ಬೇಕಾದಂತೆ ತಿದ್ದಿಕೊಂಡಿರಬಹುದು. ಕೊಂದದ್ದು ಮಾತ್ರ ನಿಜ. ಆಮೇಲೆ ಹೇಳಿದ ಸುಳ್ಳೂ ನಿಜ.

ಹೊಸಪೇಟೆಯ ಕಾಲೇಜೊಂದರಲ್ಲಿ ಆಗಷ್ಟೇ ಪಾಠಕ್ಕೆ ಸೇರಿದ್ದೆ. ಅವ್ವನ ತಂಗಿ ಚಿಗವ್ವನ ಮನೆಯಲ್ಲಿದ್ದೆ. ಬೀಗರ ಮನೆಯ ಮದುವೆಗೆ ಸಂಡೂರಿಗೆ ಹೊರಟಾಗ ಅವಳು ಮೊಸರಿನ ಹೆಪ್ಪಿದ್ದ ಸ್ಟೀಲ್ ಡಬ್ಬಿಯನ್ನು ನನ್ನ ಕೈಗಿಟ್ಟಳು. “ದಿನಾ ಹಾಲಿಗೆ ಹಾಕು, ಮರೀಬ್ಯಾಡ. ನಮ್ಮವ್ವ ಕಂಪ್ಲಿಯಿಂದ ಕೊಟ್ಟು ಕಳಿಸಿದ್ದು.”

ಮುಂದಿನ ವಾರ ವಿದ್ಯಾರ್ಥಿಗಳಿಗೂ ಅವರ ಮನೆಯವರಿಗೂ ನಾನು ಸಿಂಥೆಟಿಕ್ ಬಯಾಲಜಿಯನ್ನು ಪರಿಚಯಿಸಬೇಕಿತ್ತು. ಹೆಪ್ಪಿನಿಂದಲೇ ಶುರುಮಾಡೋಣ ಎನಿಸಿತು — ಒಳಗಿನ ಬರಹ ಓದಲು ಬಾರದೆಯೇ ನಾವು ತಲೆತಲಾಂತರದಿಂದ ಸಾಕಿದ ಜೀವಿಗಳು ಹೆಪ್ಪಿನ ಬ್ಯಾಕ್ಟೀರಿಯಾಗಳು. ಈಗ ಜೀವಕೋಶದ ಆ ಬರಹವನ್ನು, ಡಿಎನ್ಎಯನ್ನು, ಓದಬಲ್ಲೆವು. ಹೊಸ ಸಾಲು ಬರೆದು ಕೋಶಕ್ಕೆ ಹೊಸ ಕೆಲಸ ಕಲಿಸಬಲ್ಲೆವು. ತಾಲೀಮಿಗೆಂದು ಡಬ್ಬಿಯನ್ನು ಲ್ಯಾಬಿಗೆ ಒಯ್ದೆ. ಸಂಜೆ ಮೇಜಿನ ಮೇಲಿದ್ದದ್ದನ್ನೆಲ್ಲ ಆಟೋಕ್ಲೇವ್‌ಗೆ ತುಂಬುವುದು ನನ್ನ ಕೈಯ ಚಾಳಿ. ಒತ್ತಡದ ಹಬೆಯಲ್ಲಿ ಒಂದು ಸೂಕ್ಷ್ಮಜೀವಿಯನ್ನೂ ಉಳಿಸದ ಯಂತ್ರವದು. ಗಾಜಿನ ಸಾಮಾನಿನ ಜತೆ ಡಬ್ಬಿಯೂ ಹೋಯಿತು.

ಟಿ.ಬಿ. ಡ್ಯಾಂ ರಸ್ತೆಯ ಅಂಗಡಿಯಿಂದ ಪ್ಯಾಕೆಟ್ ಮೊಸರು ತಂದು ಅದೇ ಡಬ್ಬಿಯಲ್ಲಿ ಹೆಪ್ಪು ಹಾಕಿದೆ. ಊರಿಂದ ಬಂದ ಚಿಗವ್ವ ಬೆರಳಿನಿಂದ ನೆಕ್ಕಿ, “ಮಸ್ತ್ ಆಗ್ಯಾದ” ಎಂದಳು. ನಾನೂ ಹೂಂಗುಟ್ಟಿದೆ.

ಉಪನ್ಯಾಸದ ದಿನ ಅವಳು ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ಡಬ್ಬಿ ಎತ್ತಿ ಹಿಡಿದು, “ಇದು ನಮ್ಮಜ್ಜಿಯ ಹೆಪ್ಪು, ಇನ್ನೂ ಜೀವಂತವಾಗಿದೆ” ಎಂದೆ. ಚಪ್ಪಾಳೆ! ಈ ವಿದ್ಯೆಯ ಮೊದಲ ಮೆಟ್ಟಿಲೆಂದು, ಮನುಷ್ಯರ ಇನ್ಸುಲಿನ್ನಿನ ಬರಹ ಪಡೆದು ಇನ್ಸುಲಿನ್ ತಯಾರಿಸುವ ಬ್ಯಾಕ್ಟೀರಿಯಾಗಳ ಕಥೆ ಹೇಳಿದೆ. ಸಕ್ಕರೆ ಕಾಯಿಲೆಯ ಚಿಗವ್ವ ಎದ್ದು ನಿಂತಳು.

“ಅಂದ್ರ ದಿನಾ ನಾ ಚುಚ್ಚಿಕೊಳ್ಳೋ ಔಷಧ ಇಂಥಾ ಹುಳಾನೇ ಮಾಡ್ತಾವೇನು? ಹಂಗಾದ್ರ ಅವು ನಮ್ಮ ಹೆಪ್ಪಿಗೆ ಬೀಗರಾದ್ವು ಬಿಡು!”

ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ — ಅದೇ ಈಗ ಚುಚ್ಚುತ್ತದೆ. ಅಂದಿನಿಂದ ಓಣಿಯವರಿಗೆಲ್ಲ ಅವಳು ಕಂಪ್ಲಿಯ ಹೆಪ್ಪೆಂದು ಹಂಚಿದ್ದು ನನ್ನ ಪ್ಯಾಕೆಟ್ ಮೊಸರನ್ನು.

ಹೋದ ವಾರ ಕುರೆಕುಪ್ಪದಲ್ಲಿ ಹೊಸ ಸಂಸಾರ ಹೂಡಿದ ಮಗಳಿಗೆಂದು ಡಬ್ಬಿ ತುಂಬುತ್ತಿದ್ದಳು. ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಚಮಚ ಕೈಯಲ್ಲೇ ನಿಂತಿತು.

“ಎಮ್ಮೆಸ್ಸಿ ಓದಿ ಹೆಪ್ಪು ಕುದಿಸಿದ್ಯೇನಲೇ!” ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಅದೇ ಮೊಸರನ್ನು ಡಬ್ಬಿಗೆ ತುಂಬಿದಳು.

ಅವಳು ನಕ್ಕಳೆಂದು ನನ್ನ ಸುಳ್ಳು ಹಗುರಾಗದು. ಈ ವರ್ಷದ ಪಾಠದಲ್ಲಿ ಇದ್ದದ್ದನ್ನು ಇದ್ದಂತೆಯೇ ಹೇಳುತ್ತೇನೆ. ಆದರೆ ಅಷ್ಟು ಸಲೀಸಾದ ಆ ನಗು — ಅದನ್ನು ನೋಡಿಯೇ ನಾನೊಂದು ಮಾತು ಕೇಳಿದ್ದು. ಅದನ್ನು ಕೇಳಿದ್ದೇ ತಡ, ಅವಳು ಕೈಯಲ್ಲೇ ಇದ್ದ ಮುಚ್ಚಳವನ್ನು ಹುಡುಕುತ್ತ ಒಳಗೆ ಹೋದಳು:

“ಚಿಗವ್ವ, ಅಜ್ಜಿ ಕೊಟ್ಟಿದ್ದು ನಿನ್ನ ಕೈಯಾಗ ಒಮ್ಮೆನೂ ಕೆಟ್ಟಿರ್ಲಿಲ್ಲೇನು?”