ಮನೆಗೆ ಬೆನ್ನು ಹಾಕಿ ನಿಲ್ಲುತ್ತಿದ್ದ ಇಂದಿರಕ್ಕ

ಬಾಡಿಗೆ ಮನೆ ನೋಡಲು ಹೋದವರು ಸಾಮಾನ್ಯವಾಗಿ ಅಡುಗೆಕಟ್ಟೆ ನೋಡುತ್ತಾರೆ, ನಳ ತಿರುಗಿಸಿ ನೋಡುತ್ತಾರೆ, ಗೋಡೆ ತಂಪು ಹಿಡಿದಿದೆಯೇ ಎಂದು ಅಂಗೈ ಒತ್ತಿ ನೋಡುತ್ತಾರೆ. ಇಂದಿರಕ್ಕ ಇವು ಯಾವುದನ್ನೂ ನೋಡುತ್ತಿರಲಿಲ್ಲ. ಮಾಲೀಕರು ಬೀಗ ತೆಗೆಯುವಷ್ಟರಲ್ಲಿ ಅವರು ನೇರವಾಗಿ ಮಾಳಿಗೆ ಹತ್ತಿ, ಮನೆಗೆ ಬೆನ್ನು ಹಾಕಿ ನಿಂತು, ಕಣ್ಣು ಕಿರಿದು ಮಾಡಿಕೊಂಡು ಹೊಲಗಳ ಕಡೆ ನೋಡುತ್ತಿದ್ದರು.

"ಇಲ್ಲಿಂದ ಆ ಬೇವಿನ ಗಿಡದ ತನಕಾ ಡಾಂಬರ್ ತುಳೀದಂಗ ಹೋಗಾಕ ಬರ್ತೈತೇನ್ರಿ?"

"ಅದ್ಯಾಕ್ರಿ ಅಕ್ಕಾರ, ಗಾಡಿ ನೆಟ್ಟಗ ಬಾಗಲಾ ತನಕಾ ಬರ್ತೈತಲ್ಲ."

"ಗಾಡಿ ಬರೂದು ಇರ್ಲಿ ಬಿಡ್ರಿ. ನಾ ಹೋಗೂದು ಹೇಳ್ರಿ."

ನಾವಿಬ್ಬರೂ ವಿಜಯಪುರದ ಒಂದೇ ಸರ್ಕಾರಿ ಕಚೇರಿಯಲ್ಲಿದ್ದೆವು. ನಾನು ಗುಮಾಸ್ತೆಯಾಗಿ ಸೇರಿದಾಗ ಅವರ ನಿವೃತ್ತಿಗೆ ಕೆಲವೇ ವರ್ಷಗಳು ಉಳಿದಿದ್ದವು. ಎತ್ತರದ, ತೆಳ್ಳಗಿನ ಮೈಕಟ್ಟು. ಇಳಕಲ್ ಸೀರೆಯ ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು. ಮದುವೆಯಾಗಿರಲಿಲ್ಲ. ಬಬಲೇಶ್ವರಕ್ಕೆ ವರ್ಗವಾದಾಗಲೂ, ಅಲ್ಲಿಂದ ತಿಕೋಟಾಕ್ಕೆ ಹೋದಾಗಲೂ, ಕಡೆಗೆ ನಗರಕ್ಕೆ ಬಂದು ಇಟ್ಟಂಗಿಹಾಳದ ಕಡೆಯ ಅಂಚಿನಲ್ಲಿ ನೆಲೆಸಿದಾಗಲೂ ಅವರು ಮನೆ ಹುಡುಕಿದ್ದು ಒಂದೇ ನಿಯಮದಿಂದ. ಆ ನಿಯಮವನ್ನು ಅವರ ಮಾತಿನಲ್ಲಿಯೇ ಹೇಳುವುದು ಸರಿ.

"ಮುಂಜಾನೆ ಬಾಗಲಾ ಹಾಕ್ಕೊಂಡು ಕಾಲ ಮ್ಯಾಲ ಹೊಂಡಬೇಕು. ದೀಪಾ ಹಚ್ಚೂ ಹೊತ್ತಿಗೆ ಕಾಲ ಮ್ಯಾಲನ ಬಂದು ಅದ ಬಾಗಲಾ ತಗೀಬೇಕು. ಅದು ನಡಿಗಿ. ಹಂಗ ಹೋಗಿ ಬರಾಕ ಆಗೂವಂಥಾ ಜಾಗಾದಾಗ ಮನಿ ಹಿಡೀಬೇಕು, ತಂಗಿ. ಉಳಿದದ್ದು ಹೆಂಗಾರ ನಡೀತೈತಿ."

ದೂರವನ್ನು ಅವರು ರೊಟ್ಟಿಯಿಂದ ಅಳೆಯುತ್ತಿದ್ದರು. ಇಟ್ಟಂಗಿಹಾಳಕ್ಕೆ ಹೋಗಿ ಬರುವುದು ಬರೀ "ಚಾದ ದಾರಿ". ಅರಕೇರಿ ಕಡೆಯ ಗುಡ್ಡ "ಮೂರು ರೊಟ್ಟಿ ದಾರಿ". ನಮ್ಮ ಕಚೇರಿಯ ಹುಡುಗರು ರಜೆಯಲ್ಲಿ ಬಸ್ಸು ಗೊತ್ತು ಮಾಡಿಕೊಂಡು ಸಹ್ಯಾದ್ರಿಗೆ ಟ್ರೆಕ್ಕಿಂಗ್ ಹೋಗಿ ಬಂದು ಮೊಬೈಲಿನಲ್ಲಿ ಚಿತ್ರ ತೋರಿಸಿದರೆ, ಅವರು ಎಲ್ಲವನ್ನೂ ಶ್ರದ್ಧೆಯಿಂದ ನೋಡಿ, "ಹೋಗೂದಕ್ಕ ಒಂದು ರಾತ್ರಿ, ಬರೂದಕ್ಕ ಒಂದು ರಾತ್ರಿ ಕುಂತೀರಿ. ಛಲೋ ಕುಂತು ಬಂದೀರಿ ಬಿಡ್ರಿ" ಎನ್ನುತ್ತಿದ್ದರು.

ಬಬಲೇಶ್ವರದಲ್ಲಿದ್ದಾಗ ನಡೆದದ್ದೊಂದನ್ನು ಅವರು ಬಹಳ ಸಲ ಹೇಳಿದ್ದಾರೆ. ಸರ್ಕಾರಿ ಕಚೇರಿಯ ಹೆಣ್ಣುಮಗಳೊಬ್ಬಳು ಪ್ರತಿ ಭಾನುವಾರ ಬದುವಿನ ಮೇಲೆ ನಡೆಯುತ್ತಾಳೆ, ನಿಂತು ನಿಂತು ನೋಡುತ್ತಾಳೆ ಎಂದಾಗ ಊರಿನವರು ಹೊಸ ರಸ್ತೆಗೆ ಜಮೀನು ಗುರುತಿಸಲು ಬಂದಿದ್ದಾಳೆ ಎಂದೇ ತಿಳಿದರಂತೆ. ಒಬ್ಬ ಯಜಮಾನರು ಅವರನ್ನು ತಮ್ಮ ದ್ರಾಕ್ಷಿ ತೋಟದ ಮನೆಗೆ ಕರೆದು, ಚಹಾ ಕೊಟ್ಟು, ಮೆಲ್ಲಗೆ ಕೇಳಿದರಂತೆ: "ನಮ್ಮ ದ್ರಾಕ್ಷಿ ಪಡಾ ಉಳೀತೈತೇನ್ರಿ ಅಕ್ಕಾರ?"

"ನಾ ಸುಮ್ಮ ನಡಿಯಾಕ ಬಂದೇನ್ರಿ, ಯಪ್ಪಾ."

"ಆತ್ರಿ, ಹೇಳೂವಂಗ ಇಲ್ಲಂದ್ರ ಬ್ಯಾಡ್ರಿ. ಆದ್ರ ಬಾಂವಿ ಒಂದು ಉಳಿಸ್ರಿ."

"ಸುಮ್ಮ ಅಂದ್ರ ಯಾರೂ ನಂಬೂದಿಲ್ಲ, ತಂಗಿ" ಎಂದು ಇಂದಿರಕ್ಕ ನಗುತ್ತಿದ್ದರು. "ಆದ್ರ ನಾ ಬ್ಯಾರೆ ಏನೂ ಹೇಳೂದಿಲ್ಲ. ಸುಮ್ಮ ಅಂದ್ರ ಸುಮ್ಮ."

ಅವರ ಜೊತೆ ನಾನೂ ನಡೆಯತೊಡಗಿದೆ. ಮೊದಲ ಭಾನುವಾರ ಜೋಳದ ಹೊಲಗಳ ನಡುವಿನ ಬಂಡಿದಾರಿಯಲ್ಲಿ ಹೋಗಿ, ಕಾಲುವೆಯ ದಂಡೆಯ ಮೇಲೆ ಕುಳಿತು, ಕಟಕ ರೊಟ್ಟಿಯನ್ನು ಶೇಂಗಾ ಹಿಂಡಿಯೊಂದಿಗೆ ತಿಂದಾಗ ಆದ ಸಂತೋಷವನ್ನು ನಾನು ಯಾವ ಪರೀಕ್ಷೆಯ ಫಲಿತಾಂಶದಲ್ಲಿಯೂ ಕಂಡಿರಲಿಲ್ಲ. ಆದರೆ ಆ ಸಂತೋಷದ ಜೊತೆಯಲ್ಲಿಯೇ ಒಂದು ನಾಚಿಕೆ ನನ್ನ ಹಿಂದೆ ನಡೆಯುತ್ತಿತ್ತು. ಬೂಟನ್ನು ಚೀಲದಲ್ಲಿ ಅಡಗಿಸಿಕೊಂಡು, ಇಂದಿರಕ್ಕನ ಮನೆ ತಲುಪಿದ ಮೇಲೆಯೇ ಹಾಕಿಕೊಳ್ಳುತ್ತಿದ್ದೆ. ಹಿಂದಿನಿಂದ ಬೈಕಿನ ಸದ್ದು ಕೇಳಿದರೆ ಓಢಣಿಯನ್ನು ಮುಖಕ್ಕೆ ಎಳೆದುಕೊಳ್ಳುತ್ತಿದ್ದೆ.

"ಬಿಸಲ ಇನ್ನ ಬಂದಿಲ್ಲಲ್ಲ, ತಂಗಿ" ಎಂದು ಅವರು ಒಮ್ಮೆ ಮಾತ್ರ ಹೇಳಿದರು. ಮತ್ತೆ ಆ ಮಾತು ಎತ್ತಲಿಲ್ಲ.

ಕಾರಣ ನನ್ನ ಅವ್ವ. ಅವಳು ಘೋಣಸಗಿಯಿಂದ ತಿಕೋಟಾದ ಸಂತೆಗೆ ತಲೆಯ ಮೇಲೆ ಮೊಸರಿನ ಗಡಿಗೆ ಹೊತ್ತು ನಡೆದವಳು. ಬಸ್ಸು ಪಕ್ಕದಲ್ಲಿ ಧೂಳೆಬ್ಬಿಸಿ ಹೋಗುವಾಗ ಗಡಿಗೆಯ ಬಾಯಿಗೆ ಸೆರಗು ಮುಚ್ಚಿ ನಿಲ್ಲುತ್ತಿದ್ದವಳು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲಿಗಳು. ಪದವೀಧರೆ ಹೇಗೆ ಮಾತನಾಡಬೇಕು, ಹೇಗೆ ಉಡಬೇಕು ಎಂಬುದನ್ನೆಲ್ಲ ನಾನು ಒಂದೊಂದಾಗಿ ನೋಡಿ ಕಲಿತಿದ್ದೆ. ಆದರೆ ಕಾಲ್ನಡಿಗೆಯಲ್ಲಿ ಹೋಗುವ ಪದವೀಧರೆಯನ್ನು ನಮ್ಮವರು ಯಾರೂ ನೋಡಿರಲಿಲ್ಲ. ಭಾನುವಾರ ಕಚೇರಿಯಲ್ಲಿ ಕೆಲಸವಿದೆ ಎಂದೇ ಅವ್ವನಿಗೆ ಹೇಳುತ್ತಿದ್ದೆ.

ಆ ವರ್ಷ ನಮ್ಮ ಬಾಡಿಗೆ ಮನೆಯ ಮಾಲೀಕರು ಮಗನ ಮದುವೆಯೆಂದು ಮನೆ ಬಿಡಿಸಿದರು. ಅದೇ ಹೊತ್ತಿಗೆ ಇಂದಿರಕ್ಕ ಇದ್ದ ಮನೆಯ ಮೇಲಿನ ಭಾಗ ಖಾಲಿಯಾಯಿತು.

"ಮಾಲಕಗ ಹೇಳಿಟ್ಟೇನಿ. ನೀ ಒಲ್ಲೆ ಅನ್ನೂತನಕಾ ಯಾರಿಗೂ ಕೊಡೂದಿಲ್ಲ ಅಂವ. ಬಂದು ನೋಡಿ ಹೋಗು."

ನೋಡಿದೆ. ಅಂದರೆ, ಮಾಳಿಗೆ ಹತ್ತಿ ಮನೆಗೆ ಬೆನ್ನು ಹಾಕಿ ನಿಂತೆ. ಬೇವಿನ ಮರ, ಅದರಾಚೆ ಬಂಡಿದಾರಿ, ಅದರಾಚೆ ಎರೆ ಹೊಲಗಳು, ಕಡೆಯಲ್ಲಿ ಅರಕೇರಿ ಕಡೆಯ ಗುಡ್ಡದ ಮಸುಕಾದ ಗೆರೆ. ಈ ಮನೆ ನಮ್ಮದಾಗಬೇಕೆಂದು ನಾನು ಅಷ್ಟು ತೀವ್ರವಾಗಿ ಬಯಸಿದ್ದು ಅವರಿಗೆ ಕಂಡಿರಬೇಕು. ಪಕ್ಕದಲ್ಲಿ ನಿಂತು ನಕ್ಕರು. ಅವ್ವನನ್ನು ಒಪ್ಪಿಸುವುದೊಂದೇ ಉಳಿದಿತ್ತು.

ಮುಂದಿನ ಭಾನುವಾರ ಆ ಗುಡ್ಡಕ್ಕೆ ಹೊರಟೆವು. ಕೊನೆಯ ಸ್ವಲ್ಪ ದೂರ ಡಾಂಬರು ರಸ್ತೆಯಲ್ಲಿಯೇ ಹೋಗಬೇಕು. ಅಲ್ಲಿ ಒಂದು ಕಾರು ನಮ್ಮನ್ನು ದಾಟಿ ಮುಂದೆ ಹೋಗಿ, ಹಿಂದಕ್ಕೆ ಬಂದು ನಿಂತಿತು. ಗಾಜು ಇಳಿಸಿದವರು ನನ್ನ ಸೋದರಮಾವ. ಹಿಂದಿನ ಸೀಟಿನಲ್ಲಿ ಅವರ ಅತ್ತೆ. ಗುಡ್ಡದ ಗುಡಿಗೆ ಕಾಯಿ ಒಡೆಸಲು ಹೊರಟಿದ್ದರು.

"ಯಾಕ ಬೇ ಸವಿತಾ? ಬಸ್ ತಪ್ಪಿತೇನು? ಏನ್ ಅವತಾರ ಇದು, ಹೆಗಲಿಗೆ ಬುತ್ತಿ ಗಂಟು!"

ನಾನು ಧೂಳು ತುಂಬಿದ ಬೂಟುಗಳನ್ನು ಒಂದರ ಹಿಂದೆ ಒಂದು ಅಡಗಿಸಲು ನೋಡಿದೆ.

"ಮಾಮಾಗ ಹೇಳಬಾರದ? ನೌಕರಿ ಮಾಡೂ ಹುಡುಗಿ ಹಿಂಗ ರಸ್ತಾದಾಗ ನಡಕೋತ ಹೊಂಟದ್ದು ಮಂದಿ ನೋಡಿದ್ರ ಏನ್ ಅಂದಾರು?"

ಇಂದಿರಕ್ಕ ನನ್ನ ಮುಖ ನೋಡಿದರು. ಆ ನೋಟ ಒಂದು ಗಳಿಗೆಯದು. ಆಮೇಲೆ ಅವರು ಕಾರಿನ ಕಡೆ ತಿರುಗಿ, ಇಡೀ ಜೀವಮಾನದಲ್ಲಿ ಯಾರಿಗೂ ಹೇಳದ ಮಾತನ್ನು ಹೇಳಿದರು.

"ನನ್ನ ಹರಕಿ ಐತ್ರೀ ಯಪ್ಪಾ. ನಡಕೋತ ಬರ್ತೇನಿ ಅಂತ ಬೇಡಿಕೊಂಡಿದ್ದೆ. ಒಬ್ಬಾಕಿ ಹೆಂಗ ಹೋಗ್ಲಿ ಅಂತ ತಂಗೀನ ಕರಕೊಂಡು ಬಂದೇನಿ."

ಮಾವನ ಮುಖ ಬದಲಾಯಿತು. ಕೆಳಗಿಳಿದು ಕೈ ಮುಗಿದರು. ಅವರ ಅತ್ತೆ ಕಷ್ಟಪಟ್ಟು ಇಳಿದು, ನಾವು ಬೇಡಬೇಡವೆನ್ನುವಷ್ಟರಲ್ಲಿ ಇಂದಿರಕ್ಕನ ಕ್ಯಾನ್ವಾಸ್ ಬೂಟು ಮುಟ್ಟಿ ನಮಸ್ಕರಿಸಿದರು. ಕಾರಿನಲ್ಲಿದ್ದ ಕಾಯಿಯನ್ನು ತೆಗೆದು ಅವರ ಕೈಗಿಟ್ಟರು.

"ನಾವು ಗಾಡ್ಯಾಗ ಒಯ್ಯೂದಕಿಂತ ನೀವು ನಡಕೋತ ಒಯ್ದದ್ದು ದೇವ್ರಿಗೆ ಮುಟ್ಟತೈತ್ರಿ ಯವ್ವಾ. ನಮ್ಮ ಮೊಮ್ಮಗಳು ವರ್ಷ ದಾಟಿದ್ರೂ ಇನ್ನ ಹೆಜ್ಜಿ ಇಟ್ಟಿಲ್ಲ. ಅಕಿ ಹೆಸರಲೆ ಒಡಸ್ರಿ."

ಇಂದಿರಕ್ಕ ಎರಡೂ ಕೈಯಿಂದ ಕಾಯಿ ಹಿಡಿದುಕೊಂಡರು. ಕಾರು ಅಲ್ಲಿಂದಲೇ ತಿರುಗಿ ಊರಿಗೆ ಹೋಯಿತು.

ನಾವು ಯಾವಾಗಲೂ ಬುತ್ತಿ ಬಿಚ್ಚುವ ಕಲ್ಲಿನ ಹತ್ತಿರ ಬಂದಾಗ ನಾನು ಗಂಟಿಗೆ ಕೈ ಹಾಕಿದೆ. ಅವರು ತಲೆ ಅಲ್ಲಾಡಿಸಿದರು.

"ನೀ ತಿನ್ನು. ಹರಕಿ ಅಂತ ಹೇಳಿ ಮಂದಿ ಕಾಯಿ ಹಿಡಕೊಂಡೇನಿ. ಒಡಿಸೂತನಕಾ ನಾ ಹೆಂಗ ತಿನ್ನಲಿ?"

ಇಷ್ಟು ವರ್ಷ ಗುಡಿಯ ಹೊರಗಿನ ಕಟ್ಟೆಯ ಮೇಲೆ ಕುಳಿತು ಗಾಳಿ ತೆಗೆದುಕೊಂಡು ಮರಳುತ್ತಿದ್ದವರು ಅಂದು ಬೂಟು ಬಿಚ್ಚಿ ಸಾಲಿನಲ್ಲಿ ನಿಂತರು. ಮಗುವಿನ ಹೆಸರು ಕೇಳುವುದನ್ನು ಮರೆತಿದ್ದೆವು. "ಒಂದು ಕೂಸಿನ ಹೆಸರಲೆ" ಎಂದು ಪೂಜಾರಿಗೆ ಹೇಳಿದರು. ಇಳಿಯುವಾಗ ದಾರಿಯ ಗಿಡಗಳನ್ನೂ ಹಕ್ಕಿಗಳನ್ನೂ ತೋರಿಸಲಿಲ್ಲ. ಸಿಟ್ಟೂ ಇರಲಿಲ್ಲ. ಹೆಗಲಿನ ಮೇಲೆ ಯಾರದೋ ಭಾರ ಹೊತ್ತವರಂತೆ ನಡೆದರು. ನಾನು ಕ್ಷಮೆ ಕೇಳಲು ಸರಿಯಾದ ವಾಕ್ಯವೊಂದನ್ನು ದಾರಿಯುದ್ದಕ್ಕೂ ಕಟ್ಟಿದೆ. ಕಟ್ಟಿ ಮುಗಿಯುವಷ್ಟರಲ್ಲಿ ಅವರ ಮನೆ ಬಂದಿತ್ತು.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು.

"ನಿಮ್ಮ ಅಕ್ಕಾರದು ಏನು ಹರಕಿ ಇತ್ತು ಬೇ?" ಎಂದು ಅವ್ವ ಕೇಳಿದಳು.

ಅವಳಿಗೆ ಇನ್ನೊಂದು ಸುಳ್ಳು ಹೇಳಲಾಗಲಿಲ್ಲ. ಹರಕೆ ಇರಲಿಲ್ಲ, ಸುಮ್ಮನೆ ನಡೆಯುತ್ತೇವೆ ಎಂದೆ. ಮೇಲಿನ ಮನೆಯ ಆಸೆಯನ್ನೂ ಹೇಳಿದೆ. ಅವ್ವ ಸೋಸುತ್ತಿದ್ದ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು.

"ನಾ ಮಸರಿನ ಗಡಗಿ ಹೊತ್ತು ಹೋಗೂಮುಂದ ಯಾರೂ ಗಾಡಿ ನಿಲ್ಲಿಸಿ ಕಾಲ ಬಿದ್ದಿಲ್ಲ ನೋಡು" ಎಂದಳು. "ನಡಿಯೂದು ತಪ್ಪಲಿ ಅಂತ ನಿನಗ ಸಾಲಿ ಕಲಿಸಿದೆ. ನೀ ನೋಡಿದ್ರ ನಡಿಯಾಕ ಅಂತ ಹೊಲದ ದಂಡಿಗೆ ಮನಿ ಮಾಡೂಣು ಅಂತಿ."

ಮೇಲಿನ ಮನೆಯ ಮಾತು ಅಲ್ಲಿಗೇ ನಿಂತಿತು. ಮಾವ ಊರ ನಡುವೆ ಅಂಗಡಿ ಸಾಲಿನ ಹಿಂದೆ ಒಂದು ಮನೆ ಗೊತ್ತು ಮಾಡಿದರು, ನಾವು ಹೋದೆವು. ಇಂದಿರಕ್ಕನಿಗೆ ಮಾತ್ರ ನಿಜ ಹೇಳುವ ಧೈರ್ಯ ಬರಲಿಲ್ಲ.

"ಅವ್ವಗ ಮೊಣಕಾಲ ನೋವು ಐತ್ರೀ ಅಕ್ಕಾರ. ಪಾವಟಿಗಿ ಹತ್ತಾಕ ಆಗೂದಿಲ್ಲ."

"ಹೌದೇನು? ಹಂಗಾದ್ರ ಬ್ಯಾಡ ಬಿಡು. ಅಕಿಗೆ ಅನುಕೂಲ ಆಗೂದು ಮದಲ" ಎಂದರು. ಮನೆಯನ್ನು ಬೇರೆಯವರಿಗೆ ಕೊಡಬಹುದೆಂದು ಆ ಸಂಜೆಯೇ ಮಾಲೀಕರಿಗೆ ಹೇಳಿದರಂತೆ. ಆಮೇಲೆ ಭಾನುವಾರಗಳಲ್ಲಿ ಅವರು ನನ್ನನ್ನು ಕರೆಯಲಿಲ್ಲ. ನಾನೂ ಹೋಗಲಿಲ್ಲ.

ನಿವೃತ್ತಿಯಾದ ಮೇಲೆ ಒಂದು ಸಂಜೆ ಅವರೇ ನಮ್ಮ ಮನೆಗೆ ಬಂದರು. ನಮ್ಮ ಮನೆ ಎರಡನೆಯ ಮಹಡಿಯಲ್ಲಿತ್ತು. ಅವರು ಮೆಟ್ಟಿಲು ಹತ್ತಿ ಬರುವುದನ್ನು ಮೇಲಿನಿಂದ ನೋಡುತ್ತ ನಿಂತ ನನಗೆ ಪ್ರತಿ ಮೆಟ್ಟಿಲೂ ನನ್ನ ಸುಳ್ಳನ್ನು ಓದಿ ಹೇಳುತ್ತಿರುವಂತೆ ಅನ್ನಿಸಿತು.

"ಅಲ್ಲೆ ಬೇವಿನ ಗಿಡದ ತನಕಾ ಲೇಔಟ್ ಬಂತು, ತಂಗಿ. ದಾರಿಗೆ ತಂತಿ ಹೊಡದಾರ. ತಿಕೋಟಾದ ಆಚೆ ಒಂದು ಮನಿ ನೋಡೀನಿ. ನಾಳೆ ಸಾಮಾನ ಒಯ್ಯತೇನಿ. ಹೇಳಿ ಹೋಗೂಣು ಅಂತ ಬಂದೆ."

ಅವ್ವ ಮನೆ ತೋರಿಸಿದಳು. ಇಂದಿರಕ್ಕ ಅಡುಗೆಕಟ್ಟೆ ನೋಡಿದರು. ನಳ ತಿರುಗಿಸಿ ನೋಡಿದರು. ಗೋಡೆಗೆ ಅಂಗೈ ಒತ್ತಿ, "ತಂಪು ಹಿಡದಿಲ್ಲ, ಛಲೋ ಐತಿ" ಎಂದರು. ಮಾಳಿಗೆಯ ಬಾಗಿಲು ತೆರೆದೇ ಇತ್ತು. ಆ ಕಡೆ ತಿರುಗಿಯೂ ನೋಡಲಿಲ್ಲ. ಮನೆಯ ಹಿಂದೆ ಏನಿದೆ ಎಂದು ಕೇಳಲಿಲ್ಲ. ಅವ್ವನ ಮುಖ ಅರಳಿತು.

ಹೊರಡುವಾಗ ಅವ್ವ, "ನಡಕೋತ ಹೋಗಬ್ಯಾಡ್ರಿ, ಮನಿಗೆ ಬಂದವ್ರನ್ನ ಹಂಗ ಕಳಸಬಾರದು" ಎಂದು ದಡದಡನೆ ಮೆಟ್ಟಿಲು ಇಳಿದು ಆಟೋ ಕರೆದು ಬಂದಳು. ಮೊಣಕಾಲು ನೋವಿನ ಅವ್ವ! ಇಂದಿರಕ್ಕ ನನ್ನ ಮುಖ ನೋಡದೆ, "ಆತ್ರಿ ಯವ್ವಾ, ನೀವು ಹೇಳಿದ ಮ್ಯಾಲ ಆತು" ಎಂದು ಆಟೋದಲ್ಲಿ ಕುಳಿತರು.

ನಾನು ಮಾಳಿಗೆಗೆ ಓಡಿದೆ. ಮೂರು ಕಡೆ ಗೋಡೆ. ನಾಲ್ಕನೆಯ ಕಡೆ ಮಾತ್ರ ರಸ್ತೆ ಕಾಣುತ್ತದೆ. ಆಟೋ ನಮ್ಮ ಓಣಿ ದಾಟಿತು, ತಿರುವಿನಲ್ಲಿ ನಿಂತಿತು. ಇಂದಿರಕ್ಕ ಇಳಿದರು. ಚಾಲಕನಿಗೆ ಏನೋ ಹೇಳಿ ಕಳುಹಿಸಿ, ಬಾಗಿ ಬೂಟಿನ ದಾರ ಬಿಗಿದು, ಚೀಲವನ್ನು ಹೆಗಲಿಗೇರಿಸಿ, ನನ್ನ ಮನೆಗೆ ಬೆನ್ನು ಹಾಕಿ ನಡೆದರು.