ಅಳಿಸಿದ ಡಿಸ್ಕಿನ ಕೊನೆಯ ಸಾಲು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಮೊದಲೆಲ್ಲ ಎದ್ದು ಹೋಗುತ್ತಿದ್ದೆ. ಕಂಪ್ಯೂಟರಿನ ಮುಂದೆ ಕೂತು ಕೂತು ಬೆನ್ನು ಹಿಡಿದುಕೊಂಡವನಿಗೆ ಪವಾಡ ಕೇಳುವ ತಾಳ್ಮೆ ಎಲ್ಲಿಂದ ಬರಬೇಕು? ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಹೊನ್ನಾಳಿಯಲ್ಲಿ ಸುತ್ತಲಿನ ಜನಪದ ಹಾಡುಗಳನ್ನು ಸಂಗ್ರಹಿಸುವ ಪುಟ್ಟ ಸಂಸ್ಥೆಯೊಂದಿತ್ತು. ನಡೆಸುತ್ತಿದ್ದವರು ನಿವೃತ್ತ ಮೇಷ್ಟ್ರು. ಕಂಪ್ಯೂಟರ್ ನೋಡಿಕೊಳ್ಳಲು ನಾನು. ಮೊದಲಿದ್ದ ಯಂತ್ರ ಕೆಟ್ಟು ಮೂಲೆ ಸೇರಿತ್ತು, ಅದರ ಫ್ಲಾಪಿಗಳು ಬೂಷ್ಟು ಹಿಡಿದು ತಿಪ್ಪೆ ಸೇರಿದ್ದವು. ಅದಕ್ಕೂ ಮುಂಚೆ ಪ್ರತಿ ಫ್ಲಾಪಿಯ ಪೂರ್ತಿ ಪಡಿಯಚ್ಚನ್ನು ಒಂದೊಂದು ಫೈಲಾಗಿ ಹೊಸ ಯಂತ್ರಕ್ಕೆ ಸಾಗಿಸಿದ್ದೆ. ಹೊಸದನ್ನು ಹಳೆಯದರಂತೆ ನಟಿಸಲು ಹಚ್ಚುವ ಪ್ರೋಗ್ರಾಮೊಂದು ನಮ್ಮಲ್ಲಿತ್ತು. ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡಿದರೆ ಸತ್ತ ಯಂತ್ರ ಹೊಸದರ ಮೈಮೇಲೆ ಬಂದು, ಆ ಫೈಲನ್ನೇ ತನ್ನ ಡಿಸ್ಕ್ ಅಂದುಕೊಂಡು ಓದುತ್ತಿತ್ತು. ಹೀಗೆಂದು ನಾನೇ ತಮಾಷೆ ಮಾಡುತ್ತಿದ್ದೆ.

ಆ ಬೇಸಿಗೆಯಲ್ಲಿ ನನಗೆ ಸಾಕಾಗಿ ಹೋಗಿತ್ತು. ಕರೆಂಟು ಬಂದಾಗ ಕೆಲಸ, ಹೋದಾಗ ಬೀಸಣಿಗೆ. ಯಂತ್ರದಲ್ಲಿ ಜಾಗವಿಲ್ಲ ಎಂದು ದಿನವೂ ಗೊಣಗುತ್ತಿದ್ದೆ. ಒಂದು ಬೆಳಿಗ್ಗೆ ಮೇಷ್ಟ್ರು ಚಪ್ಪಲಿ ಮೆಟ್ಟುತ್ತಲೇ, "ತಾಂಡಾದ ಹಾಡಿನ ಡಿಸ್ಕ್ ಐತಲ್ಲ, ಅದನ್ನ ಇವತ್ತು ತೆಗೀರಿ" ಎಂದು ಹೇಳಿ ಹೊರಟುಬಿಟ್ಟರು. ತೆಗೆದೆ. ಅಂದರೆ, ಆ ಫೈಲನ್ನು ಅಳಿಸಿದೆ. ಖಾಲಿಯಾದ ಜಾಗಕ್ಕೆ ಬೇರೆ ಹಾಡುಗಳನ್ನು ಒಂದಿಷ್ಟೂ ಎಡೆಯಿಲ್ಲದಂತೆ ತುಂಬಿದೆ.

ಮಧ್ಯಾಹ್ನ ಸೂರಗೊಂಡನಕೊಪ್ಪದ ಕಡೆಯ ತಾಂಡಾದಿಂದ ಸೋಮ್ಲಾನಾಯ್ಕ ಎಂಬಾತ ಮಗಳು ಶಾಂತಿಬಾಯಿಯನ್ನು ಕರೆದುಕೊಂಡು ಬಂದ. ಅವಳಿಗೆ ಮದುವೆ ಗೊತ್ತಾಗಿತ್ತು. ಗಂಡನ ಮನೆಗೆ ಹೊರಡುವಾಗ ಲಂಬಾಣಿ ಹುಡುಗಿ ತವರಿನವರ ಕೊರಳು ತಬ್ಬಿ ಅಳುತ್ತ ಹಾಡಬೇಕು. ಅವಳಿಗೆ ತನ್ನ ಅಜ್ಜಿ ಹಾಡುತ್ತಿದ್ದ ಹಾಡೇ ಬೇಕಾಗಿತ್ತು. ಅಜ್ಜಿ ತೀರಿಕೊಂಡಿದ್ದಳು. ಅವಳು ಹಾಡಿದ್ದನ್ನು ನಮ್ಮವರು ಇಂಗ್ಲಿಷ್ ಅಕ್ಷರಗಳಲ್ಲಿ ಹಳೆಯ ಯಂತ್ರಕ್ಕೆ ಟೈಪ್ ಮಾಡಿದ್ದರು.

"ತೆಗೆದಿಡಾಕೆ ಹೇಳಿರ್ತೀನಿ ಅಂದಿದ್ರು ಮೇಷ್ಟ್ರು," ಎಂದ ಸೋಮ್ಲಾನಾಯ್ಕ.

ಆಗ ನನಗೆ ಹೊಳೆಯಿತು. ಬಾಗಿಲು ತೆಗೆಯುವುದೂ ತೆಗೆಯುವುದೇ, ಕಳೆ ತೆಗೆಯುವುದೂ ತೆಗೆಯುವುದೇ. ಮೇಷ್ಟ್ರು ಅಂದದ್ದು ತೆರೆದಿಡಿ ಎಂಬ ಅರ್ಥದಲ್ಲಿ. ಅವರ ಮೇಲೂ ಈ ಭಾಷೆಯ ಮೇಲೂ ಒಟ್ಟಿಗೇ ಸಿಟ್ಟು ಬಂತು.

ಅಳಿಸಿಹೋಗಿದೆ ಎಂದೆ. ಆತ ಜಗಳವಾಡಲಿಲ್ಲ. "ಇರ್ಲಿ ಬಿಡ್ರಿ. ಕೊನೇ ಸಾಲು ನಮ್ಮವ್ವಂಗೇ ಮರ್ತೋಗಿತ್ತು" ಎಂದು, ನ್ಯಾಮತಿ ಬಸ್ಸು ವಿಚಾರಿಸಲು ಸ್ಟ್ಯಾಂಡಿಗೆ ಹೋದ. ಹುಡುಗಿ ಮಾತ್ರ ಏಳಲಿಲ್ಲ. "ಒಂದ್ಸಲ ನೋಡ್ರಿ ಸಾರ್" ಎಂದಳು.

ಇಲ್ಲ ಎಂಬುದನ್ನು ಅವಳ ಕಣ್ಣಿಗೇ ತೋರಿಸಿ ಕಳಿಸೋಣ ಎಂದುಕೊಂಡೆ. ಫೈಲುಗಳ ಹೆಸರನ್ನು ಪರದೆಗೆ ತರಿಸಿದೆ, ತಾಂಡಾದ್ದು ಇರಲಿಲ್ಲ. ಆ ನಟನೆಯ ಪ್ರೋಗ್ರಾಮಿನಿಂದ ಹಳೆಯ ಯಂತ್ರವನ್ನು ಎಬ್ಬಿಸಿ ಆ ಡಿಸ್ಕಿನ ಹೆಸರನ್ನೇ ಕೊಟ್ಟು ಹಾಡು ಕೇಳಿದೆ. ಸಿಗಲಿಲ್ಲ ಎಂಬ ಸಂದೇಶ ಬರಬೇಕಿತ್ತು. ಅದರ ಬದಲು ಹಾಡು ಸಾಲು ಸಾಲಾಗಿ ಪರದೆಯ ಮೇಲೆ ಬಂತು.

ಶಾಂತಿಬಾಯಿ ಎಸ್ಸೆಸ್ಸೆಲ್ಸಿ ಓದಿದವಳು. ಬಾಯಲ್ಲಿ ಗುನುಗುತ್ತ ಬರೆದುಕೊಂಡಳು. ನನಗೆ ಅಕ್ಷರ ಓದಲು ಬರುತ್ತಿತ್ತು, ಅವಳ ಭಾಷೆ ಬರುತ್ತಿರಲಿಲ್ಲ. ಆದರೆ ಕೊನೆಯಲ್ಲಿ ಟೈಪ್ ಮಾಡಿದವರು ಬರೀ ಚುಕ್ಕಿಗಳನ್ನು ಇಟ್ಟಿದ್ದರೆಂಬುದು ಚೆನ್ನಾಗಿ ನೆನಪಿತ್ತು. ಆ ಚುಕ್ಕಿಗಳ ಜಾಗದಲ್ಲಿ ಈಗ ಒಂದು ಸಾಲಿತ್ತು.

"ಅಳಬ್ಯಾಡ ಮಗನೇ ಅಂತೈತೆ ಸಾರ್. ಯಾರದೋ ಹೆಸರೂ ಐತೆ, ನಂಗೊತ್ತಿಲ್ಲ," ಎಂದಳು. "ಅಜ್ಜಿದೇ ಹಾಡಲ್ವಾ, ಹಂಗೇ ಹಾಡ್ತೀನಿ."

ಅಷ್ಟರಲ್ಲಿ ಕರೆಂಟು ಹೋಯಿತು. ಮತ್ತೆ ಬಂದಾಗ ಎಷ್ಟು ಸಲ ಕೇಳಿದರೂ ಅಂಥ ಡಿಸ್ಕೇ ಇಲ್ಲ ಎಂದಿತು ಯಂತ್ರ.

ಅಳಿಸಿದರೆ ಹೆಸರಷ್ಟೇ ಹೋಗುತ್ತದೆ, ಒಳಗಿನದು ಉಳಿದಿರುತ್ತದೆ ಎಂದು ತಿಳಿದವರು ಹೇಳುತ್ತಾರೆ. ಅದು ನನಗೂ ಗೊತ್ತು. ಅದರ ಮೇಲೆ ಬೇರೆಯದನ್ನು ತುಂಬಿದವನೂ ನಾನೇ. ಹೋಗಲಿ, ಹೇಗೋ ಉಳಿದಿತ್ತು ಅಂತಲೇ ಇಟ್ಟುಕೊಳ್ಳಿ. ಯಾರೂ ಟೈಪೇ ಮಾಡದ ಸಾಲು ಉಳಿಯುವುದು ಹೇಗೆ? ಇದನ್ನು ಯೋಚಿಸಿ ಯೋಚಿಸಿ ದಣಿದಿದ್ದೇನೆ.

ಮದುವೆಗೆ ನನ್ನನ್ನೂ ಕರೆದಿದ್ದರು. ಹೊರಡುವ ಹೊತ್ತಿಗೆ ಶಾಂತಿಬಾಯಿ ಅಪ್ಪನ ಕೊರಳು ತಬ್ಬಿ ಹಾಡಿದಳು. ಆತ ಮಗುವಿನಂತೆ ಅಳುತ್ತಿದ್ದ. ಕೊನೆಯ ಸಾಲು ಬಂದಾಗ ಆ ಅಳು ತಟ್ಟನೆ ನಿಂತಿತು. ಮಗಳನ್ನು ಕಳಿಸಿದ ಮೇಲೆ ಜನರ ನಡುವೆ ನನ್ನನ್ನು ಹುಡುಕಿಕೊಂಡು ಬಂದ.

"ಆ ಹೆಸರು ನಿಮ್ಮ ಯಂತ್ರಕ್ಕೆ ಹೆಂಗೆ ಗೊತ್ತಾತು ಸಾರ್? ಸಣ್ಣೋನಿದ್ದಾಗ ನಮ್ಮವ್ವ ನನ್ನ ಹಂಗೆ ಕರೀತಿದ್ಲು. ಬ್ಯಾರೆ ಯಾರಿಗೂ ಗೊತ್ತಿಲ್ಲ."

ನನಗೂ ಗೊತ್ತಿಲ್ಲಪ್ಪ ಎಂದೆ. ಆತ ನನ್ನ ಕೈ ಹಿಡಿದುಕೊಂಡೇ ನಿಂತಿದ್ದ.

"ಅವ್ವನ ಕೈಲಿ ಇನ್ನೊಂದ್ಸಲ ಹಂಗೆ ಕರೆಸಾಕೆ ಆಗ್ತೈತಾ ಸಾರ್?"

ಆಗುವುದಿಲ್ಲ ಎಂದೆ. ಒಮ್ಮೆ ಹೇಗಾಯಿತು ಎಂದು ಆತ ಕೇಳಲಿಲ್ಲ.