ಹೊರಟವರ ಬೆನ್ನಿಗೇ ಕಸಬರಿಗೆ

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಯಾರಾದರೂ ಇದನ್ನೇ ಹೇಳಿದ್ದರೆ ಎದ್ದು ಹೋಗುತ್ತಿದ್ದೆ. ಈಗ ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ. ಸಿಟ್ಟು ಮಾತ್ರ ಇದೆ. ಯಾರ ಮೇಲೆ ಎಂಬುದೇ ಗೊತ್ತಾಗುತ್ತಿಲ್ಲ.

ಸೊರಬದಲ್ಲಿರುವ ನನ್ನ ಅಕ್ಕನಿಗೆ ಶಿವಮೊಗ್ಗದಲ್ಲಿ ಪಿತ್ತಕೋಶದ ಆಪರೇಷನ್ ನಿಶ್ಚಯವಾಗಿತ್ತು. ದೊಡ್ಡದೇನಲ್ಲ ಎಂದಿದ್ದರು ಡಾಕ್ಟರು. ಆದರೆ ಚಿಂತೆ ಮಾಡುವುದರಲ್ಲಿ ನನಗೆ ಅವರಿಗಿಂತ ಹೆಚ್ಚು ಅನುಭವ. ಹೊಲಿಗೆ ಹಾಕಿದ ಮೈ, ಮನೆಯ ಧೂಳು, ಸೋಂಕು ಎಂದು ನಿದ್ದೆಗೆಟ್ಟು, ಶಿಕಾರಿಪುರದಲ್ಲಿ ನಮ್ಮ ಬೀದಿಯಲ್ಲೇ ಶುರುವಾಗಿದ್ದ ಮನೆ ಕ್ಲೀನಿಂಗ್‌ನವರನ್ನು ಅಕ್ಕನ ಮನೆಗೆ ಬುಕ್ ಮಾಡಿದೆ. ಹೇಳಿದರೆ ಬೇಡ ಅನ್ನುತ್ತಾಳೆಂದು ಅವಳಿಗೂ ಹೇಳಲಿಲ್ಲ, ಭಾವನಿಗೂ ಹೇಳಲಿಲ್ಲ. ನನ್ನ ಬಳಿಯಿದ್ದ ಇನ್ನೊಂದು ಬೀಗದ ಕೈಯನ್ನು ಆ ತಂಡದ ನಸೀಮಾ ಅವರಿಗೆ ಕೊಟ್ಟು, "ಅವರು ಬೆಳಿಗ್ಗೆಯೇ ಆಸ್ಪತ್ರೆಗೆ ಹೊರಡ್ತಾರೆ, ಅವತ್ತೇ ತೊಳೆದು ಮುಗಿಸಿಬಿಡಿ" ಎಂದೆ.

ಆ ದಿನ ನಾನೂ ಭಾವನೂ ಆಸ್ಪತ್ರೆಯಲ್ಲಿ ಕಾಯುತ್ತಿದ್ದಾಗ, ಹನ್ನೊಂದರ ಹೊತ್ತಿಗೆ ಆಪರೇಷನ್ ಕೋಣೆಯಿಂದ ನರ್ಸ್ ಓಡಿ ಬಂದರು. ಅಕ್ಕನ ಬಿಪಿ ಕುಸಿದಿದೆ ಎಂದಷ್ಟೇ ಹೇಳಿ ಒಳಗೆ ಹೋದರು. ಭಾವ ಗೋಡೆಗೆ ಒರಗಿದರು. ಅಷ್ಟರಲ್ಲಿ ನಸೀಮಾ ಫೋನು.

"ಸರ, ನಾವು ವಾಪಸ್ ಹೊಂಟೀವ್ರೀ."

ಇದ್ದ ಭಯವೆಲ್ಲ ಸಿಟ್ಟಾಗಿ ಅವರ ಮೇಲೆ ಸುರಿಯಿತು. "ಬುಕ್ ಮಾಡಿದ್ದು ನಾನು! ಯಾರನ್ನ ಕೇಳಿ ಹೊರಟ್ರಿ?"

"ನನ್ ಮ್ಯಾಲೆ ಯಾಕ್ ಕೂಗಾಡ್ತೀರಿ? ಈಗಷ್ಟೇ ನಿಮ್ಮ ಅಕ್ಕಾರೇ, ಗೋಡೆ ಫೋಟೋದಾಗೆ ಇದ್ದವ್ರೇ, ಅಡುಗೆಮನಿ ಬಾಗಿಲಾಗೆ ನಿಂತು ಬೈದ್ರು. 'ಹೊರಟವರ ಬೆನ್ನಿಗೇ ಮನೆ ತೊಳೆಯೋದು ಹೆಣ ಎತ್ತಿದಾಗ. ನಾ ಬರೋ ತನಕ ಕಸಬರಿಗೆ ಮುಟ್ಟಬೇಡಿ, ಆ ಗಾಬರಿ ಮಲ್ಲಂಗೂ ಹೇಳಿ' ಅಂದ್ರು. ಅದ್ಯಾರ್ರೀ ಗಾಬರಿ ಮಲ್ಲ?"

ಗಾಬರಿ ಮಲ್ಲ ನಾನೇ. ಚಿಕ್ಕಂದಿನಲ್ಲಿ ಅಕ್ಕ ಇಟ್ಟ ಹೆಸರು. ಅವಳ ಬಾಯಲ್ಲಿ ಬಿಟ್ಟರೆ ಎಲ್ಲೂ ಇಲ್ಲ, ಪುಣ್ಯಕ್ಕೆ ನನ್ನ ಹೆಂಡತಿಗೂ ಗೊತ್ತಿಲ್ಲ. ಕಸಬರಿಗೆಯ ಮಾತೂ ನಿಜ. ನಾವು ಪರೀಕ್ಷೆಗೆ ಹೊರಟರೂ ಅಮ್ಮ ಆ ಹೊತ್ತಿಗೆ ಕಸ ಗುಡಿಸುತ್ತಿರಲಿಲ್ಲ. ಸೋಂಕಿನ ಗಾಬರಿಯಲ್ಲಿ ಅದನ್ನು ನಾನು ಮರೆತೇಬಿಟ್ಟಿದ್ದೆ.

ಫೋನ್ ಇಟ್ಟೆ. ಸ್ವಲ್ಪ ಹೊತ್ತಿಗೆ ಡಾಕ್ಟರು ಹೊರಬಂದು, ಈಗ ಪರವಾಗಿಲ್ಲ ಎಂದರು.

ಮರುದಿನವೇ ಸೊರಬಕ್ಕೆ ಹೋಗಿ ನೋಡಿದೆ. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ಮುಂಬಾಗಿಲ ಬೀಗ ತೆಗೆದದ್ದು ತಾನೇ ಎಂದು ನಸೀಮಾ ಹೇಳುತ್ತಾರೆ. ಅಕ್ಕ ಹಿತ್ತಲ ಕಡೆಯಿಂದ ಬಂದಿರಬೇಕು ಅಂದುಕೊಂಡರಂತೆ.

ಅಕ್ಕ ಚೇತರಿಸಿಕೊಂಡ ಮೇಲೆ ಎಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ, ಕೆಂಡಾಮಂಡಲವಾದಳು. "ನಾ ಹೊರಟ ದಿನವೇ ಮನೆ ತೊಳ್ಸಕ್ಕೆ ಹೇಳಿದ್ಯಾ? ತಲೆ ನೆಟ್ಟಗಿದ್ಯನಾ ಮಾರಾಯ?"

"ಅಲ್ಲ, ನೀನು ಅಲ್ಲಿಗೆ ಬಂದಿದ್ಯಾ?"

"ನಂಗೆ ಎಚ್ಚರ ಎಲ್ಲಿತ್ತು, ನಂಗೇನ್ ಗೊತ್ತು!" ಆಮೇಲೆ ಹದಿನೈದು ದಿನ ಮಾತು ಬಿಟ್ಟಳು.

ನಸೀಮಾ ಹೇಳಿದ್ದು ಸುಳ್ಳು ಎಂದಾಗಿದ್ದರೆ ಅವರ ಮೇಲೆ ಹಾಯಾಗಿ ಸಿಟ್ಟು ಮಾಡಿಕೊಂಡಿರುತ್ತಿದ್ದೆ. ಬೀದಿಯಲ್ಲಿ ಎದುರಾದಾಗಲೆಲ್ಲ ತಡೆದು ಕೇಳುತ್ತೇನೆ. "ಎಷ್ಟ್ ಸಲ ಹೇಳ್ಬೇಕ್ರೀ ಸರ ನಿಮಗೆ" ಎಂದು ಗದರಿಕೊಂಡು, ಅವರು ಪ್ರತಿಸಲವೂ ಅದನ್ನೇ ಹೇಳುತ್ತಾರೆ. ಒಂದು ಪದವೂ ಆಚೀಚೆ ಆಗಿಲ್ಲ.